ಉಜ್ಜಿ ಮೂಸಿದ ಹಾಪ್ಸ್

ಬೆಂಗಳೂರಿನ ಒಂದು ಬ್ರೂಪಬ್‌ನಲ್ಲಿ ಬಿಯರ್ ತಯಾರಿಸುವವರು ನನ್ನ ಅಂಗೈಗೆ ನಾಲ್ಕು ಹಸಿರು ಗುಳಿಗೆ ಹಾಕಿದರು. ಬಿಯರ್‌ಗೆ ಕಹಿ, ಘಮ ಕೊಡುವ ಹಾಪ್ಸ್ ಅದು. ನೋಡಲು ಥೇಟ್ ಪಶು ಆಹಾರ. "ಚೆನ್ನಾಗಿ ಉಜ್ಜಿ, ಆಮೇಲೆ ಮೂಸಿ" ಅಂದರು. ಒಣಹುಲ್ಲು, ಹಿಂದೆಯೇ ಸ್ವಲ್ಪ ಕಾಳುಮೆಣಸು. ಅದು ಸಾಜ್ ಎಂಬ ತಳಿ. ಕೈ ತೊಳೆದು ಇನ್ನೊಂದನ್ನು ಉಜ್ಜಿದೆ. ಚಕ್ಕೋತದ ಸಿಪ್ಪೆ ಹಿಂಡಿದ ಹಾಗಾಯಿತು! ಅದು ಕ್ಯಾಸ್ಕೇಡ್.

ಹಾಪ್ಸ್ ಗಾಂಜಾ ಕುಟುಂಬದ ಬಳ್ಳಿ. (ನಶೆಯ ಆಸೆ ಬೇಡ, ಗಾಂಜಾದ ಆ ವಸ್ತು ಇದರಲ್ಲಿಲ್ಲ.) ಹೆಣ್ಣು ಬಳ್ಳಿಯ ಹೂವಿನ ಪದರಗಳ ಬುಡದಲ್ಲಿ ಲುಪುಲಿನ್ ಎಂಬ ಹಳದಿ ಪುಡಿ ಇರುತ್ತದೆ. ಕಹಿ, ಘಮ ಎರಡೂ ಅದರಲ್ಲೇ.

ಕಹಿಗೆ ಕಾರಣ ಆಲ್ಫಾ ಆಮ್ಲ. ಸಾಜ್‌ನಲ್ಲಿ ಇದು ಸುಮಾರು 3ರಿಂದ 4.5%, ಕ್ಯಾಸ್ಕೇಡ್‌ನಲ್ಲಿ 4.5ರಿಂದ 7%, ಸಿಟ್ರಾ ಎಂಬ ಇನ್ನೊಂದು ತಳಿಯಲ್ಲಿ 11ರ ಮೇಲೆ. ಹಾಗಂತ ಸಿಟ್ರಾ ಮೇಲು, ಸಾಜ್ ಕೀಳು ಅನ್ನುವುದು ಬ್ಯಾಡಗಿ ಮೆಣಸಿನಕಾಯಿಯನ್ನು ಖಾರದಲ್ಲಿ ಅಳೆದ ಹಾಗೆ. ಕಹಿ ಸಾಲದಿದ್ದರೆ ಇನ್ನೊಂದು ಹಿಡಿ ಹಾಕಿದರಾಯಿತು, ಅಲ್ವಾ? ಘಮಕ್ಕೆ ಆ ಲೆಕ್ಕ ನಡೆಯುವುದಿಲ್ಲ.

ಸಾಜ್ ಚೆಕ್ ದೇಶದ ಜಾಟೆಟ್ಸ್ ಊರಿನ ಸುತ್ತ ನೂರಾರು ವರ್ಷಗಳಿಂದ ಬೆಳೆದ ತಳಿ. ಪಿಲ್ಸ್ನರ್ ಬಿಯರ್‌ನ ಮೆದು ಘಮ ಅದರದ್ದೇ. ಅದರ ಎಣ್ಣೆಯಲ್ಲಿ ಫಾರ್ನೆಸೀನ್, ಹ್ಯುಮ್ಯುಲೀನ್ ಎಂಬ ಘಮದ ವಸ್ತುಗಳು ಚೆನ್ನಾಗಿವೆ. ಕ್ಯಾಸ್ಕೇಡ್ ಅಮೆರಿಕದ ಆರೆಗಾನ್‌ನಲ್ಲಿ ಅಭಿವೃದ್ಧಿಪಡಿಸಿ 1972ರಲ್ಲಿ ಬಿಡುಗಡೆಯಾದ ತಳಿ. ಎಣ್ಣೆಯ ಸುಮಾರು ಅರ್ಧ ಮಿರ್ಸೀನ್, ಜೊತೆಗೆ ಗುಲಾಬಿ ವಾಸನೆಯ ಜೆರಾನಿಯಾಲ್. ಯೀಸ್ಟ್ ಈ ಜೆರಾನಿಯಾಲ್‌ನಲ್ಲಿ ಒಂದಷ್ಟನ್ನು ನಿಂಬೆಯ ಘಮದ ಸಿಟ್ರೊನೆಲೋಲ್ ಮಾಡಿಬಿಡುತ್ತದೆ. ಅಂದರೆ ಅಂಗೈಯಲ್ಲಿ ಮೂಸಿದ್ದೇ ಲೋಟಕ್ಕೆ ಬರುತ್ತದೆ ಅನ್ನುವಂತಿಲ್ಲ.

ಇನ್ನೊಂದು ಪೇಚಿದೆ. ಆಲ್ಫಾ ಆಮ್ಲ ಸುಮಾರು ಒಂದು ಗಂಟೆ ಕುದಿದರೆ ಅದರ ಅಣುವಿನ ಆಕಾರ ಬದಲಾಗಿ, ಬಿಯರ್‌ನಲ್ಲಿ ಕರಗಿ ನಿಲ್ಲುವ ಕಹಿ ಸಿಗುತ್ತದೆ. ಅಷ್ಟರಲ್ಲಿ ಘಮದ ಎಣ್ಣೆಯೆಲ್ಲ ಹಬೆಯ ಜೊತೆ ಹಾರಿಹೋಗಿರುತ್ತದೆ. ಹಾಗಾಗಿ ಘಮದ ಪಾಲನ್ನು, ಸಾರು ಇಳಿಸುವಾಗ ಕೊತ್ತಂಬರಿ ಸೊಪ್ಪು ಹಾಕಿದ ಹಾಗೆ, ಕೊನೆಗೆ ಹಾಕುತ್ತಾರೆ. ಕೆಲವರು ಬಿಯರ್ ತಣ್ಣಗಾಗಿ ಹುಳಿಯುತ್ತಿರುವಾಗ ಹಾಕುತ್ತಾರೆ. ಕ್ಯಾಸ್ಕೇಡನ್ನು ಸುಮ್ನೆ ಮೊದಲೇ ಸುರಿದು ಗಂಟೆಗಟ್ಟಲೆ ಕುದಿಸುವುದು ನನ್ನ ಪ್ರಕಾರ ದುಡ್ಡು ದಂಡ.

ಹೊರಡುವ ಮುನ್ನ ಅವರು ಮೂಲೆಯಲ್ಲಿದ್ದ ಇನ್ನೊಂದು ಪೊಟ್ಟಣ ತಂದರು. ಅದೂ ಕ್ಯಾಸ್ಕೇಡ್, ಆದರೆ ಬಾಯಿ ತೆರೆದು ತಿಂಗಳುಗಳಾಗಿದ್ದವು. ಉಜ್ಜಿದೆ. ಗಾಳಿ ತಾಗಿ ಕೆಟ್ಟ ಹಾಪ್ಸ್‌ನಲ್ಲಿ ಐಸೋವ್ಯಾಲೆರಿಕ್ ಆಮ್ಲ ಹುಟ್ಟುತ್ತದೆ. ಬೆವರಿದ ಕಾಲುಚೀಲದಲ್ಲಿ ಇರುವುದೂ ಅದೇ. ಚಕ್ಕೋತದ ಸುಳಿವೇ ಇಲ್ಲ. ಈ ಸಲ ಕೈಯನ್ನು ಎರಡು ಸಲ ತೊಳೆದೆ.