ನಿದ್ದೆಯಲ್ಲೂ ಇಳಿಯದ ಒತ್ತಡ

ಅವಮಾನ ಮನಸ್ಸಿಗೆ ತಾಗುತ್ತದೆ, ಮೈಗೇನೂ ಆಗುವುದಿಲ್ಲ ಎನ್ನುವವರು ಉಡುಪಿಯ ರಥಬೀದಿಯಲ್ಲೂ ಇದ್ದಾರೆ, ಮಂಗಳೂರಿನ ಹಂಪನಕಟ್ಟೆಯಲ್ಲೂ ಇದ್ದಾರೆ. ಅವರಲ್ಲಿ ಓದಿದವರೇ ಹೆಚ್ಚೆಂಬುದು ನನ್ನ ತಕರಾರು.

ಅರೂಬಾದಲ್ಲಿ ಹುಟ್ಟಿ, ಸೇಂಟ್ ಲೂಸಿಯಾ ದ್ವೀಪದಲ್ಲಿ ಬೆಳೆದು, ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರಾದ ಸಮಾಜಶಾಸ್ತ್ರಜ್ಞ ಡೇವಿಡ್ ವಿಲಿಯಮ್ಸ್ 1997ರಲ್ಲಿ ಸಹೋದ್ಯೋಗಿಗಳೊಂದಿಗೆ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಒಂಬತ್ತೇ ಪ್ರಶ್ನೆ. ನಿಮಗೆ ಬೇರೆಯವರಿಗಿಂತ ಕಡಿಮೆ ಮರ್ಯಾದೆ ಸಿಗುತ್ತದೆಯೇ? ಹೋಟೆಲಿನಲ್ಲಿ, ಅಂಗಡಿಯಲ್ಲಿ ಉಪಚಾರ ಕಡಿಮೆಯೇ? ದಡ್ಡರೆಂದು, ಅಪ್ರಾಮಾಣಿಕರೆಂದು ಕಾಣುತ್ತಾರೆಯೇ? ಎಷ್ಟು ಸಲ? ಇದರ ಜಾಣ್ಮೆ ನೋಡಿ: ಮೊದಲು ನಡೆದದ್ದನ್ನು ಕೇಳುತ್ತಾರೆ, ಬಣ್ಣಕ್ಕೋ, ವಯಸ್ಸಿಗೋ, ಹೆಂಗಸೆಂಬುದಕ್ಕೋ ಎಂಬ ಪ್ರಶ್ನೆ ಆಮೇಲೆ. ಅಳೆಯುವುದು ದೊಡ್ಡ ದೌರ್ಜನ್ಯವನ್ನಲ್ಲ, ದಿನನಿತ್ಯದ ಚುಚ್ಚುಗಳನ್ನು.

ಆ ಚುಚ್ಚು ರಕ್ತನಾಳಕ್ಕೆ ಇಳಿಯುವುದು ಹೇಗೆ? ಆರೋಗ್ಯವಂತರ ರಕ್ತದೊತ್ತಡ ನಿದ್ದೆಯಲ್ಲಿ ಶೇಕಡಾ 10ರಿಂದ 20ರಷ್ಟು ಇಳಿಯುತ್ತದೆ. ಮಲ್ಪೆಯ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ ಇದ್ದಂತೆ ಇದು. ಬಲೆ ಸರಿಪಡಿಸಲು, ಎಂಜಿನ್ ಬಿಚ್ಚಿ ತೊಳೆಯಲು ಅದೇ ಕಾಲ. ತಾರತಮ್ಯ ಹೆಚ್ಚು ಉಂಡವರಲ್ಲಿ ಈ ಇಳಿತ ಕಡಿಮೆ ಎಂದು ಕೆಲವು ಅಧ್ಯಯನಗಳು ಕಂಡಿವೆ. ಬೋಟು ದಕ್ಕೆಗೆ ಬಂದಿದೆ, ಎಂಜಿನ್ ಆರಿಸಿಲ್ಲ. ಅಥವಾ ಬಾವಿಯ ಪಂಪು ಎನ್ನಿ: ಟ್ಯಾಂಕು ತುಂಬಿದರೂ ಓಡುತ್ತಲೇ ಇದ್ದರೆ ಒಂದು ದಿನ ವೈಂಡಿಂಗ್ ಸುಡುತ್ತದೆ. ಬೈಗುಳ ಕೇಳಿದ್ದು ಒಂದು ಗಳಿಗೆ. ನಾಳೆ ಯಾರು ಏನೆಂದಾರೋ ಎಂಬ ಎಚ್ಚರ ಇಡೀ ರಾತ್ರಿಯದು. ಒತ್ತಡದ ಹಾರ್ಮೋನುಗಳಾದ ಕಾರ್ಟಿಸಾಲ್, ಅಡ್ರಿನಲಿನ್‌ಗಳಿಗೆ ಬಂದ ಅಪಾಯವೂ ಬರಲಿರುವ ಅಪಾಯವೂ ಒಂದೇ. ಹೀಗೆ ಕೂಡುತ್ತಾ ಹೋಗುವ ಸವೆತವನ್ನು ನರವಿಜ್ಞಾನಿ ಬ್ರೂಸ್ ಮೆಕ್‌ಇವೆನ್ ‘ಅಲೋಸ್ಟ್ಯಾಟಿಕ್ ಹೊರೆ’ ಎಂದರು.

ಇದನ್ನು ಓದುವಾಗಲೆಲ್ಲ ನನಗೆ ನೆನಪಾಗುವುದು ಅಜಲು ಎಂಬ ಪದ್ಧತಿ. ಕೂದಲು, ಉಗುರು ಬೆರೆಸಿದ ಅನ್ನವನ್ನು, ಅಸ್ಪೃಶ್ಯರೆಂದು ದೂರವಿಟ್ಟ ಕರಾವಳಿಯ ಕೊರಗ ಸಮುದಾಯದವರಿಗೆ ತಿನ್ನಿಸಿದರೆ ನಮ್ಮ ಕಾಯಿಲೆ ಅವರ ಮೈಗೆ ದಾಟುತ್ತದೆ ಎಂಬ ನಂಬಿಕೆ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ್ದು 1897ರಲ್ಲಿ; ಅಜಲನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ. ನಡುವೆ ಒಂದು ಶತಮಾನ! ಉಗುರಿನಿಂದ ಯಾರ ಗ್ರಹಚಾರವೂ ದಾಟುವುದಿಲ್ಲ. ಆದರೆ ಹಾಗೆ ಉಣ್ಣಿಸಿಕೊಂಡವರ ರಾತ್ರಿಯ ರಕ್ತದೊತ್ತಡವನ್ನು ಅಂದು ಯಾರು ಅಳೆದಾರು?

ಅಮೆರಿಕದ ಆ ಒಂಬತ್ತು ಪ್ರಶ್ನೆಗಳನ್ನು ತುಳುನಾಡಿಗೆ ತರುವವರು ಹೋಟೆಲಿನ ಪ್ರಶ್ನೆಯ ಪಕ್ಕದಲ್ಲಿ ಇನ್ನೊಂದನ್ನು ಸೇರಿಸಬೇಕಾದೀತು: ನಿಮ್ಮನ್ನು ಅಂಗಳದ ಯಾವ ಅಂಚಿನಲ್ಲಿ ನಿಲ್ಲಿಸಿ ಮಾತನಾಡಿಸಿದರು?