ಮಂಗನ ಕಾಯಿಲೆ, ಚುನಾವಣೆ, ನೆರೆ: ಇವುಗಳ ನಡುವೆ ಒಂದು ವೈದ್ಯ ಸಮ್ಮೇಳನ

ಊರಿಗೆ ಕಷ್ಟ ಬಂದಿರುವ ವರ್ಷ ಸಮ್ಮೇಳನ ಯಾಕೆ ಅಂತ ಕೇಳುವವರು ಜಾಸ್ತಿ. ಆ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಜನ ಗಂಜಿ ಕೇಂದ್ರದಲ್ಲಿ ಇರುವಾಗ ಡಾಕ್ಟರುಗಳು ಹಾರ ಹಾಕಿಸಿಕೊಂಡು ವೇದಿಕೆ ಮೇಲೆ ಕೂತರೆ ಯಾರಿಗೆ ಹಿಡಿಸುತ್ತೆ? ಆದರೂ ಅಂಥ ವರ್ಷವೇ ಸಮ್ಮೇಳನ ಬೇಕು ಅಂತ ನಾನು ಹೇಳುತ್ತೇನೆ. ಒಂದೇ ಷರತ್ತು. ರೋಗಿಯ ಪಕ್ಕದಿಂದ ಯಾರನ್ನು ಎಬ್ಬಿಸಿ ಕರೆಸುತ್ತಿದ್ದೇವೆ, ಅವರ ಜಾಗದಲ್ಲಿ ಯಾರು ಕೂರುತ್ತಾರೆ ಅನ್ನೋದು ಮೊದಲು ತೀರ್ಮಾನ ಆಗಬೇಕು. ಸಭಾಂಗಣ, ಊಟ, ಬ್ಯಾನರ್ ಎಲ್ಲ ಆಮೇಲೆ.

ಶಿವಮೊಗ್ಗದಲ್ಲಿ ನಮ್ಮ ವೃತ್ತಿ ಸಂಘದ ರಾಜ್ಯ ಸಮ್ಮೇಳನದ ಜವಾಬ್ದಾರಿ ನಮ್ಮ ತಂಡಕ್ಕೆ ಬಂದದ್ದು 2019ರಲ್ಲಿ. ಆ ವರ್ಷ ಶುರುವಾದದ್ದೇ ಮಂಗನ ಕಾಯಿಲೆಯಿಂದ. ಕಾಡಿನ ಉಣುಗು ಕಚ್ಚಿ ಬರುವ, ಮಂಗಗಳನ್ನೂ ಕೊಲ್ಲುವ ಈ ವೈರಸ್ ಜ್ವರ ನಮಗೆ ಹೊಸದಲ್ಲ. 1957ರಲ್ಲಿ ಅದು ಮೊದಲು ಪತ್ತೆಯಾದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆದರೆ 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ಕಾಣಿಸಿಕೊಂಡ ರೀತಿಗೆ ಇಡೀ ಜಿಲ್ಲೆ ಹೆದರಿತು. ಹಲವರು ಜೀವ ಕಳೆದುಕೊಂಡರು. ಬೆನ್ನಿಗೇ ಲೋಕಸಭಾ ಚುನಾವಣೆ. ನಮ್ಮಲ್ಲಿ ಮತದಾನ ಏಪ್ರಿಲ್ 23ಕ್ಕೆ. ಆಗಸ್ಟ್‌ನಲ್ಲಿ ನೆರೆ. ತುಂಗೆ ಉಕ್ಕಿ ನಗರದ ತಗ್ಗು ಬಡಾವಣೆಗಳಿಗೆ ನುಗ್ಗಿದಳು, ಚಾರ್ಮಾಡಿ ಘಾಟಿ ಕುಸಿದು ಬಂದ್ ಆಯಿತು. ನೀರು ಇಳಿದ ಮೇಲೆ ಇಲಿ ಜ್ವರ, ಡೆಂಗಿ ಕಡೆ ಕಣ್ಣಿಡಬೇಕಿತ್ತು.

ಇಷ್ಟೆಲ್ಲ ಇರುವಾಗ ಸಮ್ಮೇಳನದಿಂದ ಏನು ಸಿಗುತ್ತೆ? ಮಂಗನ ಕಾಯಿಲೆಯನ್ನೇ ನೋಡಿ. ಕಾಡಿನಲ್ಲಿ ಮಂಗ ಸತ್ತಿರೋದು ಮೊದಲು ಗೊತ್ತಾಗೋದು ದರಕು, ಅಂದರೆ ಉದುರಿದ ಒಣ ಎಲೆ ಗುಡಿಸೋಕೆ ಹೋದವರಿಗೆ, ಇಲ್ಲ ಫಾರೆಸ್ಟ್ ಗಾರ್ಡ್‌ಗೆ. ಸತ್ತ ಮಂಗನ ಪರೀಕ್ಷೆ ಮಾಡೋದು ಪಶುವೈದ್ಯರು. ಜ್ವರ ಬಂದವರು ಹೋಗೋದು ಪಿಎಚ್‌ಸಿಗೆ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ರಕ್ತದ ಮಾದರಿ ಹೋಗೋದು ಲ್ಯಾಬಿಗೆ. ಸೀರಿಯಸ್ ಆದವರನ್ನು ಕಳಿಸೋದು ಶಿವಮೊಗ್ಗ, ಮಣಿಪಾಲಕ್ಕೆ. ಒಂದೇ ರೋಗದ ಕಥೆ ಇಷ್ಟು ಜನರ ಕೈಯಲ್ಲಿ ಚೂರು ಚೂರಾಗಿ ಇರುತ್ತೆ. ಇವರೆಲ್ಲ ಬೇರೆ ಬೇರೆ ಇಲಾಖೆಯವರು. ಫೋನಿನಲ್ಲಿ ಅವಸರಕ್ಕೆ ಎರಡು ಮಾತಾಡಿರುತ್ತಾರೆ, ಅಷ್ಟೇ. ಎದುರುಬದುರು ಕೂತು ಮಾತಾಡೋಕೆ ಬೇರೆ ಜಾಗವೇ ಇಲ್ಲ.

ಇನ್ನು ದಿನಾಂಕ. ಮಲೆನಾಡಿನಲ್ಲಿ ಇದೇ ದೊಡ್ಡ ತಲೆನೋವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಅದರ ಮಾತೇ ಬೇಡ. ಡಿಸೆಂಬರ್‌ನಿಂದ ಮೇವರೆಗೆ ಉಣುಗಿನ ಕಾಲ, ಅಂದರೆ ಮಂಗನ ಕಾಯಿಲೆಯ ಕಾಲ. ಉಳಿಯೋದು ಅಕ್ಟೋಬರ್, ನವೆಂಬರ್. ಆಗ ದೀಪಾವಳಿ, ಅಡಿಕೆ ಕೊಯ್ಲು. ತುಳಸಿ ಪೂಜೆ ಮುಗಿಯಿತು ಅಂದರೆ ಮದುವೆಗಳು ಶುರು, ಛತ್ರ ಒಂದೂ ಖಾಲಿ ಇರೋದಿಲ್ಲ. ಅದೇ ಹೊತ್ತಿಗೆ ಕಾಡಂಚಿನ ಊರುಗಳಲ್ಲಿ ಮಂಗನ ಕಾಯಿಲೆ ಲಸಿಕೆಯ ಕ್ಯಾಂಪ್. ಆಗ ಕೊಡುತ್ತಿದ್ದ ಲಸಿಕೆ ಎರಡು ಡೋಸ್, ನಡುವೆ ಒಂದು ತಿಂಗಳ ಅಂತರ, ಆಮೇಲೆ ಬೂಸ್ಟರ್. ಕ್ಯಾಂಪ್ ಇರುವ ವಾರ ತಾಲ್ಲೂಕಿನ ಒಬ್ಬ ಡಾಕ್ಟರನ್ನೂ ಅಲ್ಲಾಡಿಸಬಾರದು.

ಹಾಗಾಗಿ ನಾವು ಕ್ಯಾಲೆಂಡರ್ ಹಿಡಿದು ಮೊದಲು ಹೋದದ್ದು ತಾಲ್ಲೂಕು ಆರೋಗ್ಯಾಧಿಕಾರಿಗಳ ಹತ್ತಿರ. ಅತಿಥಿಗಳಿಗೆ ಯಾವ ದಿನ ಬಿಡುವು ಅಂತ ಕೇಳಿದ್ದು ಆಮೇಲೆ. ಮೊದಲ ಡೋಸ್ ಮುಗಿದು ಎರಡನೆಯದಕ್ಕೆ ಇನ್ನೂ ಸಮಯ ಇರುವ ಒಂದು ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಸಿಕ್ಕಿತು. ರೂಢಿಯ ಮೂರು ದಿನದ ಸಮ್ಮೇಳನ ಒಂದೂವರೆ ದಿನಕ್ಕೆ ಇಳಿಯಿತು. ಉದ್ಘಾಟನಾ ಸಮಾರಂಭ ಅರ್ಧ ಗಂಟೆಯಲ್ಲಿ ಮುಗಿಯಿತು. ನನ್ನ ಪ್ರಕಾರ ಒಳ್ಳೆಯ ವರ್ಷದಲ್ಲೂ ಅಷ್ಟೇ ಸಾಕು.

ಹೊಸನಗರ ಕಡೆಯ ಒಬ್ಬ ಚಿಕ್ಕ ವಯಸ್ಸಿನ ವೈದ್ಯಾಧಿಕಾರಿಗೆ ಫೋನ್ ಮಾಡಿದಾಗ ಆಕೆ ಕೇಳಿದ್ದು ಇದನ್ನೇ.

‘ಸರ್, ನಾನು ಬರ್ತೀನಿ. ಇಲ್ಲಿ ಯಾರಿರ್ತಾರೆ?’

‘ನಮ್ಮ ಪಿಜಿ ಹುಡುಗರಲ್ಲಿ ಒಬ್ಬನನ್ನ ಶನಿವಾರ ಬೆಳಿಗ್ಗೇನೇ ಕಳಿಸ್ತೀವಿ ಮೇಡಂ.’

‘ಅವನಿಗೆ ಹಳ್ಳಿ ದಾರಿ ಗೊತ್ತಿರಲ್ಲ ಸರ್. ನಮ್ಮ ಸಿಸ್ಟರ್ ನಂಬರ್ ಕೊಡ್ತೀನಿ, ಅವರು ಎಲ್ಲ ಹೇಳ್ಕೊಡ್ತಾರೆ.’

ಬದಲಿ ವೈದ್ಯರ ಪಟ್ಟಿ ಹುಟ್ಟಿದ್ದು ಇಂಥ ಫೋನುಗಳಿಂದ. ಕಾಗದದ ಕೆಲಸವೂ ಇದೆ. ಸರ್ಕಾರಿ ವೈದ್ಯರು ಬರಬೇಕಾದರೆ ಒಒಡಿ, ಅಂದರೆ ಬೇರೆ ಕರ್ತವ್ಯದ ಮೇಲೆ ಹೋಗುವ ಅನುಮತಿ ಮಂಜೂರಾಗಬೇಕು, ಬದಲಿಗೆ ಹೋಗುವ ಪಿಜಿಗೆ, ಅಂದರೆ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗೆ, ಕಾಲೇಜಿನಿಂದ ಆದೇಶ ಬೇಕು, ಎರಡೂ ಒಂದೇ ದಿನಾಂಕಕ್ಕೆ ಇರಬೇಕು. ಒಂದು ಕಾಗದ ಬಂದು ಇನ್ನೊಂದು ಬಾರದಿದ್ದರೆ ಆ ಪಿಎಚ್‌ಸಿ ಖಾಲಿ. ಇದನ್ನು ನೋಡಿಕೊಳ್ಳಲು ಒಬ್ಬರನ್ನೇ ಬಿಡಿ, ಅವರಿಗೆ ಬೇರೆ ಕೆಲಸ ಕೊಡಬೇಡಿ. ಸ್ಮರಣ ಸಂಚಿಕೆಗೆ ಸಮಿತಿ ಮಾಡುತ್ತೇವಲ್ಲ, ಅದಕ್ಕಿಂತ ಇದು ಮುಖ್ಯ.

ಕಾರ್ಯಕ್ರಮದಲ್ಲಿ ಭಾನುವಾರ ಬೆಳಗಿನ ಮೊದಲ ಅವಧಿಯನ್ನು ಫೀಲ್ಡ್‌ನವರಿಗೆ ಬಿಟ್ಟೆವು. ಸಾಮಾನ್ಯವಾಗಿ ಆ ಹೊತ್ತು ದೊಡ್ಡ ಊರಿಂದ ಬಂದ ಪ್ರೊಫೆಸರರದ್ದು. ಅವತ್ತು ಒಬ್ಬ ಆರೋಗ್ಯ ನಿರೀಕ್ಷಕರು ಪಿಪಿಟಿ ಇಲ್ಲದೆ ಬಂದರು. ಕೈಯಲ್ಲಿ ಒಂದು ಉದ್ದನೆ ನೋಟ್‌ಬುಕ್ ಇತ್ತು. ಪ್ರತಿ ಪುಟದಲ್ಲೂ ಸ್ಕೇಲ್ ಇಟ್ಟು ಗೆರೆ ಹಾಕಿದ್ದರು. ಮಂಗ ಸಿಕ್ಕಿದ ದಿನ, ಜಾಗ, ಹತ್ತಿರದ ಮನೆ ಎಷ್ಟು ದೂರ, ಆ ಮನೆಯವರು ದರಕು ಎಲ್ಲಿಂದ ತರುತ್ತಾರೆ, ದನ ಎಲ್ಲಿ ಮೇಯುತ್ತವೆ, ಮನೆಯಲ್ಲಿ ಯಾರಿಗಾದರೂ ಜ್ವರ ಇದೆಯಾ. ಹಾಳೆಗಳ ಅಂಚಿನಲ್ಲಿ ಡಿಎಂಪಿ ಎಣ್ಣೆಯ ಕಲೆ. ಉಣುಗು ಹತ್ತದಿರಲಿ ಅಂತ ಕೈಕಾಲಿಗೆ ಹಚ್ಚಿಕೊಂಡು ಕಾಡಿಗೆ ಹೋಗಿ, ಅದೇ ಕೈಯಲ್ಲಿ ಬರೆದದ್ದು. ಆ ಪುಟಗಳ ಫೋಟೊ ತೆಗೆದು ಪರದೆ ಮೇಲೆ ಹಾಕಿದೆವು. ಹಿಂದಿನ ಸಾಲಿನಲ್ಲಿದ್ದ ಪಶುವೈದ್ಯರು ಎದ್ದು, ‘ಈ ಮೂರನೇ ಮಂಗನ ಮಾದರಿ ನಾನೇ ತೆಗೆದದ್ದು, ಪಕ್ಕದ ಮನೆಯಲ್ಲಿ ಜ್ವರ ಇತ್ತು ಅನ್ನೋದು ನನಗೆ ಈಗ ಗೊತ್ತಾಗ್ತಿದೆ’ ಅಂದರು. ಮುಂದಿನ ಮುಕ್ಕಾಲು ಗಂಟೆ ಯಾರೂ ಟೀಗೆ ಏಳಲಿಲ್ಲ. ಅಷ್ಟು ಹುರುಪಿನ ಚರ್ಚೆ ನಾನು ದೊಡ್ಡ ಸಮ್ಮೇಳನಗಳಲ್ಲೂ ಕಂಡದ್ದು ಕಡಿಮೆ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನೆರೆಯ ವರ್ಷ ಪ್ರಾಯೋಜಕರು ಹಿಂದೆ ಸರಿಯುತ್ತಾರೆ, ಅದು ಸಹಜ. ಬ್ಯಾಗು, ಶಾಲು, ನೆನಪಿನ ಕಾಣಿಕೆ ಕೈಬಿಡಿ. ಛತ್ರದ ಬದಲು ಕಾಲೇಜಿನ ಸಭಾಂಗಣ ಹಿಡಿಯಿರಿ. ಊಟ ಎಲೆ ಲೆಕ್ಕದಲ್ಲಿ ಮಾತಾಡಿ, ಕೊನೆಯ ಸಂಖ್ಯೆ ಯಾವತ್ತು ಹೇಳಬೇಕು ಅನ್ನೋದನ್ನು ಅಡುಗೆಯವರ ಹತ್ತಿರ ಮೊದಲೇ ಕೇಳಿಕೊಳ್ಳಿ. ಮುಂಗಡ ವಾಪಸ್ ಬರುತ್ತಾ ಇಲ್ಲವಾ ಅನ್ನೋದು ಬರವಣಿಗೆಯಲ್ಲಿರಲಿ.

ರದ್ದು ಮಾಡುವ ನಿರ್ಧಾರವನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಅಮೆರಿಕದ ಭೌತವಿಜ್ಞಾನಿಗಳ ಸಂಘ ಪ್ರತಿ ಮಾರ್ಚ್‌ನಲ್ಲಿ ನಡೆಸುವ ಸಭೆ 2020ರಲ್ಲಿ ಡೆನ್ವರ್‌ನಲ್ಲಿ ಮಾರ್ಚ್ 2ಕ್ಕೆ ಶುರುವಾಗಬೇಕಿತ್ತು. ಬರಬೇಕಿದ್ದವರು ಹತ್ತು ಸಾವಿರಕ್ಕೂ ಜಾಸ್ತಿ. ಕೋವಿಡ್ ಕಾರಣಕ್ಕೆ ಅದು ರದ್ದಾದಾಗ ಶುರುವಾಗಲು ಪೂರ್ತಿ ಎರಡು ದಿನವೂ ಉಳಿದಿರಲಿಲ್ಲ. ಎಷ್ಟೋ ಜನ ಆಗಲೇ ಡೆನ್ವರ್ ಸೇರಿದ್ದರು. ನಿಲ್ಲಿಸಿದ್ದು ಸರಿಯೇ. ಆದರೆ ಅಷ್ಟು ತಡವಾದರೆ ನಷ್ಟ ಬೀಳೋದು ಸ್ವಂತ ದುಡ್ಡಿನಲ್ಲಿ ಹೊರಟ ವಿದ್ಯಾರ್ಥಿಗಳ ಮೇಲೆ. ನಮ್ಮ ಇಂಡಿಯನ್ ಸೈನ್ಸ್ ಕಾಂಗ್ರೆಸ್‌ಗೂ ಏಟು ಬಿತ್ತು. 1914ರಲ್ಲಿ ಶುರುವಾದ ಆ ಅಧಿವೇಶನ 2020ರ ಜನವರಿಯಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನಡೆದ ಮೇಲೆ ಮತ್ತೆ ನಡೆದದ್ದು 2023ರಲ್ಲಿ, ನಾಗ್ಪುರದಲ್ಲಿ.

ಅದಕ್ಕೇ ನಿರ್ಧಾರದ ದಿನ ಮೊದಲೇ ಗೊತ್ತು ಮಾಡಿ ಆಹ್ವಾನದಲ್ಲೇ ಅಚ್ಚು ಹಾಕಿಸಬೇಕು. ಮೂರು ವಾರ ಮುಂಚೆ ಅಂತ ಇಟ್ಟುಕೊಳ್ಳಿ. ಯಾವುದಾದರೂ ತಾಲ್ಲೂಕಿನಲ್ಲಿ ರೋಗ ಏರುತ್ತಿದ್ದರೆ ಮುಂದೂಡುತ್ತೇವೆ, ಅದನ್ನು ಹೇಳುವವರು ಜಿಲ್ಲಾ ಆರೋಗ್ಯಾಧಿಕಾರಿ, ಸಂಘದ ಅಧ್ಯಕ್ಷರಲ್ಲ. ಇಷ್ಟನ್ನು ಮೊದಲೇ ಬರೆದಿಟ್ಟರೆ ಆ ದಿನ ಪ್ರತಿಷ್ಠೆಯ ಪ್ರಶ್ನೆ ಬರೋದಿಲ್ಲ.

ಪ್ರಯಾಣಕ್ಕೂ ಎರಡನೇ ದಾರಿ ಬೇಕು. ಆಗ ಶಿವಮೊಗ್ಗ ಹತ್ತಿರದ ಸೋಗಾನೆಯ ವಿಮಾನ ನಿಲ್ದಾಣ ಇರಲಿಲ್ಲ, ಅದು ಉದ್ಘಾಟನೆಯಾದದ್ದು 2023ರ ಫೆಬ್ರವರಿ 27ರಂದು. ಮಣಿಪಾಲದವರು ಆಗುಂಬೆಯ ಹದಿನಾಲ್ಕು ತಿರುವು ಹತ್ತಿ ಬರಬೇಕು. ಅದು ಬಂದ್ ಆದರೆ ಬಾಳೆಬರೆ ಘಾಟಿ. ಎರಡೂ ದಾರಿಯನ್ನು ಪತ್ರದಲ್ಲಿ ಬರೆದೆವು. ಬೆಂಗಳೂರಿನವರು ರಾತ್ರಿ ರೈಲಿಗೆ ಬಂದು ನಸುಕಿನಲ್ಲಿ ಇಳಿಯುತ್ತಾರೆ, ಅವರಿಗೆ ಬಿಸಿನೀರು, ರೂಮು ಆ ಹೊತ್ತಿಗೇ ಸಿಗಬೇಕು.

ಎಲ್ಲ ಆನ್‌ಲೈನ್ ಮಾಡಿಬಿಡಿ ಅಂತ ಕೋವಿಡ್ ನಂತರ ಸುಲಭವಾಗಿ ಹೇಳುತ್ತಾರೆ. ಬೆಂಗಳೂರಿನ ಭಾಷಣಕಾರರಿಗೆ ಅದು ಸರಿ. ನಮಗೆ ಬೇಕಾದ ಪಿಎಚ್‌ಸಿ ಡಾಕ್ಟರು ಇರುವ ಊರಲ್ಲಿ ನೆಟ್‌ವರ್ಕ್ ಬೇಕಾದರೆ ಗುಡ್ಡ ಹತ್ತಬೇಕು, ಗಾಳಿಮಳೆಗೆ ಕರೆಂಟ್ ಹೋದರೆ ದಿನಗಟ್ಟಲೆ ಬರೋದಿಲ್ಲ. ಅವರನ್ನು ಕರೆಸೋಕೆ ಆಗದಿದ್ದರೆ ಮುಂಚೆಯೇ ಹೋಗಿ ಮಾತು ರೆಕಾರ್ಡ್ ಮಾಡಿಕೊಂಡು ಬನ್ನಿ.

ಸಮ್ಮೇಳನ ಮುಗಿದ ವಾರದಲ್ಲೇ ಎರಡು ಪುಟದ ಕನ್ನಡ ಹಾಳೆ ಸಿದ್ಧ ಮಾಡಿದೆವು. ಆ ನೋಟ್‌ಬುಕ್ಕಿನ ಕಾಲಂಗಳೇ ಅದರ ಮೊದಲ ಪುಟ. ಎರಡನೇ ಪುಟದಲ್ಲಿ ಮಂಗ ಸತ್ತದ್ದು ಕಂಡರೆ ಯಾವ ಇಲಾಖೆಯ ಯಾರಿಗೆ ಮೊದಲು ಫೋನ್ ಮಾಡಬೇಕು ಅನ್ನೋದು. ಆಶಾ ಕಾರ್ಯಕರ್ತೆಯರಿಗೆ, ಫಾರೆಸ್ಟ್ ಗಾರ್ಡ್‌ಗಳಿಗೆ, ಪಶು ಆಸ್ಪತ್ರೆಗಳಿಗೆ ಅದನ್ನು ಎರಡನೇ ಡೋಸಿನ ಕ್ಯಾಂಪುಗಳಲ್ಲೇ ಹಂಚಿದೆವು.