ಸರ್‌ನೇಮ್ ಒಂದೇ ಆದ್ರೆ ರಕ್ತಾನೂ ಒಂದೇನಾ? ಐರ್ಲೆಂಡ್ ಮನೆತನಗಳ ವೈ ಕ್ರೋಮೋಸೋಮ್ ಕಥೆ

ಐರ್ಲೆಂಡ್‌ನ ವಾಯವ್ಯ ಮೂಲೆಗೆ ಹೋಗಿ ಗಂಡಸರ ಡಿಎನ್‌ಎ ಟೆಸ್ಟ್ ಮಾಡಿದ್ರೆ ಸುಮಾರು ಐದರಲ್ಲಿ ಒಬ್ಬನ ವೈ ಕ್ರೋಮೋಸೋಮು, ಅಂದ್ರೆ ಗಂಡಸರಲ್ಲಿ ಮಾತ್ರ ಇರೋ ಡಿಎನ್‌ಎ ತುಂಡು, ಒಂದೇ ಗುಂಪಿಗೆ ಸೇರತ್ತೆ. 2006ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ತಂಡ ಇದನ್ನ ಪ್ರಕಟಿಸಿದಾಗ ಪತ್ರಿಕೆಗಳಿಗೆ ಹಬ್ಬ. ಯಾಕಂದ್ರೆ ಅವರು ಬೆರಳು ತೋರಿಸಿದ್ದು 5ನೇ ಶತಮಾನದ ರಾಜ ನಿಯಾಲ್ ಕಡೆಗೆ, 'ಒಂಬತ್ತು ಒತ್ತೆಯಾಳುಗಳ ನಿಯಾಲ್' ಅಂತಾನೇ ಅವನ ಬಿರುದು, ಅವನ ಬಗ್ಗೆ ಇರೋದ್ರಲ್ಲಿ ಇತಿಹಾಸ ಎಷ್ಟು ದಂತಕಥೆ ಎಷ್ಟು ಅನ್ನೋದೇ ಇವತ್ತಿಗೂ ತಕರಾರು. ಅಂಥವನಿಗೆ ಪ್ರಪಂಚದಲ್ಲಿ ಇಪ್ಪತ್ತು ಮೂವತ್ತು ಲಕ್ಷ ಗಂಡು ವಂಶಸ್ಥರು ಇರಬಹುದು ಅಂತ ಅಂದಾಜು!

ಇಂಥ ಲೆಕ್ಕ ಹಾಕೋಕೆ ಐರ್ಲೆಂಡ್‌ನಷ್ಟು ಒಳ್ಳೆ ಜಾಗ ಕಡಿಮೆ. ವೈ ಕ್ರೋಮೋಸೋಮು ಅಪ್ಪನಿಂದ ಮಗನಿಗೆ ಹೆಚ್ಚುಕಮ್ಮಿ ಝೆರಾಕ್ಸ್ ತೆಗೆದ ಹಾಗೆ ಹೋಗತ್ತೆ, ಯಾವಾಗಲೋ ಒಂದೊಂದು ಅಕ್ಷರ ತಪ್ಪಾಗತ್ತೆ ಅಷ್ಟೆ, ಆ ತಪ್ಪುಗಳೇ ವಂಶದ ಗುರುತು. ಸರ್‌ನೇಮೂ ಅದೇ ದಾರಿ ಹಿಡಿಯತ್ತೆ, ಮತ್ತೆ ಐರಿಷ್ ಸರ್‌ನೇಮ್‌ಗಳು ಸಾವಿರ ವರ್ಷ ಹಳೇವು. ಗಾಲ್ವೇ ಕಡೆಯ ಓ ಕ್ಲೇರಿ ಮನೆತನದ ಹೆಸರು 916ರಲ್ಲೇ ದಾಖಲೆಯಲ್ಲಿ ಸಿಗತ್ತೆ. ಅದಕ್ಕೇ 2000ದಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನದವರು 221 ಗಂಡಸರನ್ನ ಸರ್‌ನೇಮ್ ನೋಡ್ಕೊಂಡೇ ಬೇರ್ಪಡಿಸಿದ್ರು, ಗೇಲಿಕ್, ಅಂದ್ರೆ ಹಳೇ ಐರಿಷ್ ಮೂಲದ ಹೆಸರಿನವರು ಒಂದು ಕಡೆ, ಆಮೇಲೆ ಬಂದ ನಾರ್ಮನ್, ಇಂಗ್ಲಿಷ್, ಸ್ಕಾಟಿಷ್ ಹೆಸರಿನವರು ಇನ್ನೊಂದು ಕಡೆ. ಪಶ್ಚಿಮದ ಕಾನಾಟ್ ಪ್ರಾಂತ್ಯದ ಗೇಲಿಕ್ ಹೆಸರಿನವರಲ್ಲಿ ಒಂದೇ ಹಳೇ ವೈ ಗುಂಪು 98.3 ಪರ್ಸೆಂಟ್! ಬರೀ ಹೆಸರು ನೋಡಿ ಇಷ್ಟು ಕ್ಲೀನಾಗಿ ಜನರನ್ನ ಸೋಸಬಹುದು ಅನ್ನೋದು ನನಗಂತೂ ನಿಯಾಲ್‌ಗಿಂತ ಜಾಸ್ತಿ ಇಂಟರೆಸ್ಟಿಂಗ್.

ಸರಿ, ಒಂದು ವೈ ಇಷ್ಟೊಂದು ಹರಡೋದು ಹೇಗೆ? ಗೇಲಿಕ್ ಪದ್ಧತಿಯಲ್ಲಿ ಮದುವೆ ಆಚೆ ಹುಟ್ಟಿದ ಗಂಡುಮಕ್ಕಳಿಗೂ, ಅಪ್ಪ ಒಪ್ಕೊಂಡ್ರೆ ಸಾಕು, ಕುಲದಲ್ಲಿ ಜಾಗ ಇತ್ತು. ಡೊನೆಗಲ್ ಆಳ್ತಿದ್ದ ಓಡೊನೆಲ್‌ಗಳ ಟರ್ಲೋ ಅನ್ನೋ ದೊರೆ 1423ರಲ್ಲಿ ಸತ್ತ, ಬೇರೆ ಬೇರೆ ಹೆಂಗಸರಲ್ಲಿ ಹುಟ್ಟಿದ ಹತ್ತಕ್ಕೂ ಹೆಚ್ಚು ಗಂಡುಮಕ್ಕಳು, ಅವರಿಂದ 59 ಗಂಡು ಮೊಮ್ಮಕ್ಕಳು. ಇವರಿಗೆಲ್ಲ ಜಮೀನು ಬೇಕಲ್ಲ, ಕೊಟ್ಟಿದ್ದು ಕೆಳಗಿನವರನ್ನ ಎಬ್ಬಿಸಿ. ಹೀಗೆ ಪ್ರತಿ ತಲೆಮಾರಲ್ಲೂ ದೊರೆಮನೆಯವರು ಕೆಳಗಿಳಿದು ರೈತರಾಗ್ತಾ ಹೋದ್ರು, ಬಡವರ ಗಂಡುಸಂತಾನ ಸೊರಗ್ತಾ ಹೋಯ್ತು. ಇದು ಶೌರ್ಯದ ಕಥೆ ಅಲ್ಲ, ಭೂಮಿ ಕಥೆ.

ಆದ್ರೆ ನಿಯಾಲ್ ಹೆಸರು ಅಂಟಿಸಿದ್ದು ಸ್ವಲ್ಪ ಅವಸರ ಆಯ್ತು. ವಾಯವ್ಯದ ಆ ವೈ ಗುಂಪಿನ ಗುರುತು, ಎಂ222 ಅಂತ ಕರೀತಾರೆ, ಸ್ಕಾಟ್ಲೆಂಡ್‌ನಲ್ಲೂ ಸಾಕಷ್ಟು ಸಿಗತ್ತೆ, ಆಮೇಲಿನ ಲೆಕ್ಕಗಳು ಅದನ್ನ ನಿಯಾಲ್‌ಗಿಂತ ಹಿಂದಕ್ಕೇ ತಳ್ಳಿವೆ. ಅಂದ್ರೆ ಅವನ ವಂಶದಲ್ಲಿ ಅದು ಇದ್ದಿರಬಹುದು, ಆದ್ರೆ ಅದು ಇರೋರೆಲ್ಲ ಅವನ ಮಕ್ಕಳಲ್ಲ. ಟೆಸ್ಟ್ ರಿಸಲ್ಟ್ ನೋಡಿ ನಾನು ರಾಜವಂಶ ಅಂತ ಕುಣಿಯೋರಿಗೆ ಇದನ್ನ ಯಾರು ಹೇಳೋದು!

ಅದೇ ಟ್ರಿನಿಟಿ ತಂಡದ ಇನ್ನೊಂದು ಕೆಲಸಕ್ಕೆ ಅಷ್ಟು ಪ್ರಚಾರ ಸಿಗಲಿಲ್ಲ. 43 ಸರ್‌ನೇಮ್‌ಗಳ 1,125 ಗಂಡಸರು. ಒಂದೇ ಸರ್‌ನೇಮ್ ಇರೋ ಇಬ್ಬರ ವೈ ಹೊಂದೋ ಸಾಧ್ಯತೆ, ಯಾರೋ ಇಬ್ಬರನ್ನ ಹಿಡಿದು ನೋಡೋದಕ್ಕಿಂತ ಸರಾಸರಿ 30 ಪಟ್ಟು ಜಾಸ್ತಿ ಬಂತು, ಹಾಗಾಗಿ ಹೆಸರು ಪೂರ್ತಿ ಸುಳ್ಳಲ್ಲ. ಓಸಲಿವನ್, ರಯಾನ್ ಇವಕ್ಕೆ ಒಬ್ಬ ಮುಖ್ಯ ಮೂಲಪುರುಷ ಕಾಣ್ತಾನೆ. ಮರ್ಫಿ, ಕೆಲ್ಲಿ ಹಾಗಲ್ಲ, ಆ ಹೆಸರು ಬೇರೆ ಬೇರೆ ಕಡೆ ಬೇರೆ ಬೇರೆ ಜನ ಇಟ್ಕೊಂಡಿದ್ದು, ಮರ್ಫಿಗಳು ಅಷ್ಟೊಂದು ಜನ ಇರೋದಕ್ಕೂ ಅದೇ ಕಾರಣ ಇರಬೇಕು. ಮಜಾ ಅಂದ್ರೆ, ಯಾವ ಸರ್‌ನೇಮಲ್ಲೂ ಒಬ್ಬನೇ ಮೂಲಪುರುಷನ ವೈ ಇರೋರು ಸುಮಾರು ಅರ್ಧಕ್ಕಿಂತ ಜಾಸ್ತಿ ಇರಲಿಲ್ಲ.

ಉಳಿದ ಅರ್ಧ ಎಲ್ಲಿಂದ ಬಂದ್ರು ಅಂದ್ರೆ, ದತ್ತು, ಅಮ್ಮನ ಕಡೆ ಹೆಸರು ಇಟ್ಕೊಂಡವರು, ಗುಟ್ಟಾಗಿ ಹುಟ್ಟಿದವರು, ದೊಡ್ಡ ದೊರೆ ಆಶ್ರಯಕ್ಕೆ ಬಂದು ಅವನ ಹೆಸರನ್ನೇ ತಗೊಂಡವರು. ಇದರ ಮೇಲೆ ಸರ್ಕಾರದ ಕೈವಾಡ ಬೇರೆ, 1465ರಲ್ಲಿ ಡಬ್ಲಿನ್ ಸುತ್ತಮುತ್ತಲಿನ ಐರಿಷರು ಊರು, ಬಣ್ಣ, ಕಸುಬಿನ ಮೇಲೆ ಇಂಗ್ಲಿಷ್ ಹೆಸರು ಇಟ್ಕೋಬೇಕು ಅಂತ ಕಾನೂನೇ ಬಂತು. ಮುಂದೆ ಇಂಗ್ಲಿಷ್ ಆಳ್ವಿಕೆ ಬಿಗಿಯಾದಾಗ ಹೆಸರಿನ ಮುಂದೆ ಇರ್ತಿದ್ದ 'ಓ', 'ಮ್ಯಾಕ್' ಎಷ್ಟೋ ಮನೆಗಳಲ್ಲಿ ಉದುರಿಹೋದ್ವು, 19ನೇ ಶತಮಾನದ ಕೊನೆಗೆ ಗೇಲಿಕ್ ಅಭಿಮಾನ ಎದ್ದಾಗ ವಾಪಸ್ ಹಾಕ್ಕೊಂಡ್ರು, ಸಲಿವನ್‌ಗಳು ಮತ್ತೆ ಓಸಲಿವನ್ ಆದ್ರು, ಮರ್ಫಿಗಳಲ್ಲಿ ಹೆಚ್ಚಿನವರು ಆ ಗೋಜಿಗೇ ಹೋಗಲಿಲ್ಲ.